‘ಶಾಂತಿ ಆಯ್ತಂತೆ’ ಅಂತ ಸುದ್ದಿ ಬಂದಾಗ ಒಪ್ಪಂದ ಓದುವುದು ಹೇಗೆ

ಹೈಫಾದಲ್ಲಿ ನಾನು ಒಂಬತ್ತು ವರ್ಷ ಒಬ್ಬ ಅಜ್ಜನ ಆರೈಕೆ ಮಾಡಿದೆ. ಮಂಗಳೂರು, ಉಡುಪಿ ಕಡೆಯ ಬಹಳ ಜನ ಇಸ್ರೇಲ್‌ನಲ್ಲಿ ಇದೇ ಕೆಲಸದಲ್ಲಿದ್ದಾರೆ. ಟಿವಿಯಲ್ಲಿ ಯಾವುದೋ ಒಪ್ಪಂದದ ಸುದ್ದಿ ಬಂದರೆ ಸಾಕು, ಊರಿನಿಂದ ಅಮ್ಮನ ಫೋನು. ‘ಶಾಂತಿ ಆಯ್ತಂತೆ, ಇನ್ನು ಹೆದರಿಕೆ ಇಲ್ವಲ್ಲ?’ ಮೊದಮೊದಲು ನನಗೆ ಏನು ಹೇಳಬೇಕು ಅಂತಲೇ ತಿಳಿಯುತ್ತಿರಲಿಲ್ಲ. ಅಜ್ಜ ಗಂಟೆಗೊಮ್ಮೆ ರೇಡಿಯೊ ಸುದ್ದಿ ಕೇಳುವವರು. ಅವರ ಪಕ್ಕ ಕೂತು, ಕೇಳಿ ಕೇಳಿ, ಆಮೇಲೆ ನಾನೇ ಒಪ್ಪಂದಗಳನ್ನು ತೆರೆದು ಓದಿ ಕಲಿತದ್ದು ಇಷ್ಟು. ಮಗಳೋ ತಮ್ಮನೋ ಅಲ್ಲಿರುವ ಮನೆಗಳವರಿಗೆ ಇದು ಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲು ಸಹಿ ಯಾರದ್ದು ನೋಡಿ. ‘ಅರಬ್–ಇಸ್ರೇಲ್ ಶಾಂತಿ’ ಅನ್ನುವ ತಲೆಬರಹದಿಂದ ಏನೂ ಗೊತ್ತಾಗುವುದಿಲ್ಲ. 1979ರಲ್ಲಿ ಸಹಿ ಹಾಕಿದ್ದು ಈಜಿಪ್ಟ್. ಅದು ಇಸ್ರೇಲ್ ಜೊತೆ ನಾಲ್ಕೈದು ಸಲ ಹೊಡೆದಾಡಿದ ದೇಶ. ಯುದ್ಧದಲ್ಲಿ ಇಸ್ರೇಲ್ ಹಿಡಿದಿದ್ದ ಸಿನಾಯ್ ಮರುಭೂಮಿ ಆ ಒಪ್ಪಂದದಿಂದ ಅದಕ್ಕೆ ಪೂರ್ತಿ ವಾಪಸ್ ಸಿಕ್ಕಿತು. 2020ರಲ್ಲಿ ಸಹಿ ಹಾಕಿದ ಯುಎಇ ಮತ್ತು ಬಹ್ರೇನ್‌ಗೆ ಇಸ್ರೇಲ್ ಜೊತೆ ಗಡಿಯೇ ಇಲ್ಲ. ಅಲ್ಲಿ ಶುರುವಾದದ್ದು ವಿಮಾನ, ವ್ಯಾಪಾರ, ರಾಯಭಾರ ಕಚೇರಿ. ಎರಡನ್ನೂ ‘ಶಾಂತಿ’ ಅಂತಲೇ ಕರೆಯುತ್ತಾರೆ. ಆದರೆ ಒಂದು ಯುದ್ಧವನ್ನು ನಿಲ್ಲಿಸಿತು, ಇನ್ನೊಂದು ಸಂಬಂಧ ಬೆಳೆಸಿತು. ಗಾಜಾದಲ್ಲಿರುವವರ ಬದುಕನ್ನು ಎರಡನೆಯದು ನೇರವಾಗಿ ಮುಟ್ಟುವುದಿಲ್ಲ.

ಆಮೇಲೆ ಪದಗಳನ್ನು ಹಿಡಿದು ನೋಡಿ. 1993ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನಿ ನಾಯಕ ಅರಾಫತ್ ಮತ್ತು ಇಸ್ರೇಲ್ ಪ್ರಧಾನಿ ರಾಬಿನ್ ಒಬ್ಬರಿಗೊಬ್ಬರು ಪತ್ರ ಬರೆದರು. ಇಸ್ರೇಲ್ ಅನ್ನುವ ದೇಶಕ್ಕೆ ಶಾಂತಿ, ಭದ್ರತೆಯಿಂದ ಇರುವ ಹಕ್ಕಿದೆ ಅಂತ ಅರಾಫತ್ ಒಪ್ಪಿಕೊಂಡರು. ರಾಬಿನ್ ಒಪ್ಪಿಕೊಂಡದ್ದು ಅರಾಫತ್ ಅವರ ಸಂಘಟನೆ ಪಿಎಲ್‌ಒ ಪ್ಯಾಲೆಸ್ತೀನಿ ಜನರ ಪ್ರತಿನಿಧಿ ಅಂತ ಮಾತ್ರ. ಪ್ಯಾಲೆಸ್ತೀನ್ ದೇಶ ಅನ್ನುವ ಮಾತು ಅವರ ಪತ್ರದಲ್ಲಿ ಇಲ್ಲವೇ ಇಲ್ಲ. ಪತ್ರಗಳು ತೀರಾ ಚಿಕ್ಕವು, ಐದು ನಿಮಿಷ ಸಾಕು. ಅವನ್ನು ಅಕ್ಕಪಕ್ಕ ಇಟ್ಟು ಓದಿದರೆ ಮುಂದಿನ ಮೂವತ್ತು ವರ್ಷದ ಜಗಳದ ಬೇರು ಕಾಣುತ್ತದೆ.

ಇಲ್ಲಿ ಕನ್ನಡ ಓದುಗರಿಗೆ ಒಂದು ತೊಂದರೆ ಇದೆ. 1967ರ ಯುದ್ಧದ ನಂತರ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 242ನೇ ನಿರ್ಣಯ ಮಾಡಿತು. ಆ ಯುದ್ಧದಲ್ಲಿ ಹಿಡಿದ ಪ್ರದೇಶಗಳಿಂದ ಇಸ್ರೇಲ್ ಸೇನೆ ಹಿಂದೆ ಹೋಗಬೇಕು ಅಂತ ಅದರಲ್ಲಿದೆ. ಇಂಗ್ಲಿಷ್ ಪಠ್ಯದಲ್ಲಿ ‘ಪ್ರದೇಶಗಳು’ ಅನ್ನುವ ಪದದ ಮುಂಚೆ ‘ದಿ’ (the) ಇಲ್ಲ. ಹಾಗಾಗಿ ಎಲ್ಲಾ ಪ್ರದೇಶ ಬಿಡಬೇಕೆಂದಿಲ್ಲ ಅನ್ನುತ್ತದೆ ಇಸ್ರೇಲ್. ಫ್ರೆಂಚ್ ಪಠ್ಯ ಓದಿದರೆ ಎಲ್ಲವನ್ನೂ ಬಿಡಬೇಕು ಅನ್ನುವ ಅರ್ಥವೇ ಬರುತ್ತದೆ, ಅರಬರು ಅದನ್ನು ಹಿಡಿದುಕೊಂಡರು. ಕನ್ನಡದಲ್ಲಿ ‘ದಿ’ ಅನ್ನುವಂಥದ್ದೇ ಇಲ್ಲ ಅಲ್ವಾ? ಅನುವಾದ ಆದ ಕೂಡಲೇ ಜಗಳ ಮಾಯವಾಗುತ್ತದೆ. ಆದ್ದರಿಂದ ಕನ್ನಡದಲ್ಲಿ ಸುದ್ದಿ ಓದಿ, ಮುಖ್ಯವಾದ ಸಾಲನ್ನು ಮಾತ್ರ ಮೂಲದಲ್ಲಿ ನೋಡಿ. 2020ರ ಯುಎಇ ಒಪ್ಪಂದದಲ್ಲೂ ಹೀಗೇ ಆಯಿತು. ವೆಸ್ಟ್ ಬ್ಯಾಂಕ್ ಅಂದರೆ 1967ರಲ್ಲಿ ಇಸ್ರೇಲ್ ಹಿಡಿದ, ಜೋರ್ಡನ್ ನದಿಯ ಪಶ್ಚಿಮದ ಪ್ರದೇಶ. ಅದರ ಭಾಗಗಳನ್ನು ಇಸ್ರೇಲ್ ತನ್ನೊಳಗೆ ಸೇರಿಸಿಕೊಳ್ಳುವುದನ್ನು ‘ನಿಲ್ಲಿಸಲು’ ಒಪ್ಪಿಗೆಯಾಗಿದೆ ಅಂತ ಅಬುಧಾಬಿಯ ಯುವರಾಜರು ಬರೆದರು. ಜಂಟಿ ಹೇಳಿಕೆಯಲ್ಲಿ ಇದ್ದದ್ದು ‘ಸದ್ಯಕ್ಕೆ ತಡೆಹಿಡಿಯುವುದು’.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ‘ಆಮೇಲೆ ಮಾತಾಡೋಣ’ ಅಂತ ಯಾವುದನ್ನು ಬಿಟ್ಟಿದ್ದಾರೆ ಹುಡುಕಿ. ಅದೇ 1993ರಲ್ಲಿ ಇಸ್ರೇಲ್ ಮತ್ತು ಪಿಎಲ್‌ಒ ಮಾಡಿಕೊಂಡ ಓಸ್ಲೊ ಒಪ್ಪಂದದಲ್ಲಿ ಜೆರುಸಲೇಮ್, ನಿರಾಶ್ರಿತರು, ಹಿಡಿದ ನೆಲದಲ್ಲಿ ಇಸ್ರೇಲಿಗಳು ಕಟ್ಟಿದ ವಸಾಹತುಗಳು, ಗಡಿ ಎಲ್ಲವನ್ನೂ ಮುಂದಕ್ಕೆ ಹಾಕಿದರು. ಪ್ಯಾಲೆಸ್ತೀನಿಗಳ ಸ್ವಯಮಾಡಳಿತದ ಮಧ್ಯಂತರ ವ್ಯವಸ್ಥೆ ಐದೇ ವರ್ಷ ಅಂದಿದ್ದರು. ಅದು 1999ರ ಮೇ ತಿಂಗಳಿಗೆ ಮುಗಿಯಬೇಕಿತ್ತು. 1995ರಲ್ಲಿ ವೆಸ್ಟ್ ಬ್ಯಾಂಕನ್ನು ಎ, ಬಿ, ಸಿ ಅಂತ ಭಾಗ ಮಾಡಿದರು. ಸುಮಾರು 60 ಶೇಕಡಾ ಜಾಗ ಇರುವ ಸಿ ಭಾಗ ಪೂರ್ತಿ ಇಸ್ರೇಲ್ ಕೈಯಲ್ಲಿ. ಆ ತಾತ್ಕಾಲಿಕ ವಿಂಗಡಣೆ ಇವತ್ತಿಗೂ ಇದೆ. ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಒಬ್ಬ ಅರಬ್ ಹುಡುಗಿ ಇದ್ದಳು. ಅವಳ ಚಿಕ್ಕಮ್ಮ ವೆಸ್ಟ್ ಬ್ಯಾಂಕಿನ ರಾಮಲ್ಲಾದಲ್ಲಿ. ಚಿಕ್ಕಮ್ಮನ ಮನೆ ದಾರಿ ಹೇಳುವಾಗ ಅವಳು ಅರಬ್ಬಿಯ ನಡುವೆ ‘ಮಹ್ಸೋಮ್’ ಅನ್ನುತ್ತಿದ್ದಳು. ಅದು ಚೆಕ್‌ಪೋಸ್ಟ್‌ಗೆ ಇರುವ ಹೀಬ್ರೂ ಪದ. ಪ್ಯಾಲೆಸ್ತೀನಿಗಳ ಮನೆಮಾತಿನೊಳಗೇ ಅದು ಸೇರಿಹೋಗಿದೆ. ಐದು ವರ್ಷಕ್ಕೆ ಅಂತ ಮಾಡಿದ ವ್ಯವಸ್ಥೆ ಎಷ್ಟು ಆಳಕ್ಕೆ ಇಳಿದಿದೆ ಅಂತ ನನಗೆ ಅರ್ಥವಾದದ್ದು ಆ ಒಂದು ಪದದಿಂದ.

ಅವಧಿ ಮತ್ತು ನೋಟಿಸ್ ಬಗ್ಗೆ ಇರುವ ಸಾಲನ್ನು ತಪ್ಪದೆ ಓದಿ. ಅದು ಸಾಮಾನ್ಯವಾಗಿ ಕೊನೆಯಲ್ಲಿ, ಅನುಬಂಧದಲ್ಲಿ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡೆ. 2017ರಲ್ಲಿ ಅಜ್ಜನ ಮಗಳು ನಮ್ಮಿಬ್ಬರನ್ನೂ ಕಾರಿನಲ್ಲಿ ನಹರಾಯಿಮ್‌ಗೆ ಕರೆದುಕೊಂಡು ಹೋಗಿದ್ದರು. ಹೆಸರಿನ ಅರ್ಥವೇ ಎರಡು ನದಿ. ಜೋರ್ಡನ್, ಯರ್ಮೂಕ್ ಅಲ್ಲಿ ಸೇರುತ್ತವೆ. ನೆಲ ಜೋರ್ಡನ್ ದೇಶದ್ದು, ಉಳುತ್ತಿದ್ದವರು ಇಸ್ರೇಲಿ ರೈತರು. ಗೇಟಿನಲ್ಲಿ ಜೋರ್ಡನ್ ಸೈನಿಕ, ವೀಸಾ ಬೇಡ. ‘ಶಾಂತಿ ದ್ವೀಪ’ ಅಂತ ಕರೆಯುತ್ತಿದ್ದರು. ಹತ್ತಿರದಲ್ಲೇ ಏಳು ಹೂದಿಬ್ಬಗಳಿವೆ. 1997ರ ಮಾರ್ಚ್‌ನಲ್ಲಿ ಜೋರ್ಡನ್ ಸೈನಿಕನೊಬ್ಬ ಗುಂಡು ಹಾರಿಸಿ ಏಳು ಶಾಲಾ ಹುಡುಗಿಯರನ್ನು ಕೊಂದಿದ್ದ. ಮೂರು ದಿನಕ್ಕೆ ಜೋರ್ಡನ್ ದೊರೆ ಹುಸೇನ್ ಬೇಟ್ ಶೆಮೆಷ್‌ಗೆ ಬಂದು ಆ ತಂದೆತಾಯಿಗಳ ಮುಂದೆ ಮಂಡಿಯೂರಿ ಕೂತರು. ಅದನ್ನು ಹೇಳುವಾಗ ಅಜ್ಜನ ಗಂಟಲು ಕಟ್ಟಿತು. ಅವರು ಮತ್ತೆ ಮಾತಾಡಿದ್ದು ಕಾರು ಮನೆಗೆ ಬಂದ ಮೇಲೆ.

1994ರ ಇಸ್ರೇಲ್–ಜೋರ್ಡನ್ ಒಪ್ಪಂದದಲ್ಲಿ ಆ ಜಾಗದ ಬಗ್ಗೆ ಒಂದು ಸಾಲಿತ್ತು. ಈ ವ್ಯವಸ್ಥೆ 25 ವರ್ಷಕ್ಕೆ. ಯಾರಾದರೂ ಒಂದು ವರ್ಷ ಮುಂಚೆ ನೋಟಿಸ್ ಕೊಡದಿದ್ದರೆ ತಾನಾಗಿ ಮುಂದುವರಿಯುತ್ತದೆ. 2018ರ ಅಕ್ಟೋಬರ್‌ನಲ್ಲಿ ಜೋರ್ಡನ್ ದೊರೆ ಅಬ್ದುಲ್ಲಾ ನೋಟಿಸ್ ಕೊಟ್ಟರು. 2019ರ ನವೆಂಬರ್ 10ಕ್ಕೆ ಗೇಟು ಮುಚ್ಚಿತು. ಊರಲ್ಲಿ ಅಮ್ಮ ಗಾಬರಿಯಾಗಿದ್ದರು, ‘ಒಪ್ಪಂದ ಮುರಿಯಿತಂತಲ್ಲ?’ ಮುರಿದಿರಲಿಲ್ಲ ಅಮ್ಮ. ಒಪ್ಪಂದದಲ್ಲಿ ಬರೆದದ್ದೇ ನಡೆಯಿತು. ಅದೇ ಒಪ್ಪಂದದ ಇನ್ನೊಂದು ಸಾಲಿನಂತೆ ಇಸ್ರೇಲ್ ಕೊಡಬೇಕಾದ ನೀರು, ವರ್ಷಕ್ಕೆ 50 ಮಿಲಿಯನ್ ಘನ ಮೀಟರ್, ಆಗಲೂ ಹರಿಯುತ್ತಲೇ ಇತ್ತು.

ರಾಯಭಾರಿಯನ್ನು ವಾಪಸ್ ಕರೆಸಿಕೊಂಡರು ಅಂತ ಬಂದರೂ ಇದೇ ಲೆಕ್ಕ. 1982ರಲ್ಲಿ ಲೆಬನಾನ್‌ನ ಸಬ್ರಾ, ಶತೀಲಾದಲ್ಲಿ ಹತ್ಯಾಕಾಂಡ ಆದ ಮೇಲೆ ಈಜಿಪ್ಟ್ ಕರೆಸಿಕೊಂಡಿತ್ತು. 2023ರ ನವೆಂಬರ್ 1ಕ್ಕೆ ಜೋರ್ಡನ್ ಕರೆಸಿಕೊಂಡಿತು. ಎರಡು ಸಲವೂ ಒಪ್ಪಂದ ಉಳಿಯಿತು. ಇದಕ್ಕೆ ಹೀಬ್ರೂನಲ್ಲಿ ‘ಶಾಲೋಮ್ ಕರ್’ ಅನ್ನುತ್ತಾರೆ, ಅರಬ್ಬಿಯಲ್ಲಿ ‘ಸಲಾಮ್ ಬಾರಿದ್’. ಎರಡೂ ಒಂದೇ, ತಣ್ಣಗಿನ ಶಾಂತಿ. ಸರ್ಕಾರಗಳು ಮಾತಾಡುತ್ತವೆ, ಜನ ಮಾತಾಡುವುದಿಲ್ಲ.

ಮಧ್ಯದಲ್ಲಿ ನಿಂತವರು ಏನು ಕೊಟ್ಟರು ಅಂತಲೂ ನೋಡಿ. 2020ರಲ್ಲಿ ಇಸ್ರೇಲ್ ಜೊತೆ ಸಂಬಂಧಕ್ಕೆ ಮೊರಾಕ್ಕೊ ಒಪ್ಪಿದಾಗ ಪಶ್ಚಿಮ ಸಹಾರಾ ಅದರದ್ದೇ ಅಂತ ಅಮೆರಿಕ ಒಪ್ಪಿಕೊಂಡಿತು. ಸುಡಾನ್ ಹೆಸರನ್ನು ಭಯೋತ್ಪಾದನೆ ಪಟ್ಟಿಯಿಂದ ತೆಗೆಯಿತು. ಇಂಥ ಕೊಡುಕೊಳ್ಳುವಿಕೆ ಸುದ್ದಿಯ ಆರನೇ ಪ್ಯಾರಾದಲ್ಲಿ ಇರುತ್ತದೆ, ಅಲ್ಲಿಯವರೆಗೆ ಓದಿ.

ಕದನವಿರಾಮ ಬೇರೆ, ಒಪ್ಪಂದ ಬೇರೆ. ಅರಬ್ಬಿಯಲ್ಲಿ ‘ಹುದ್ನಾ’ ಅಂದರೆ ಸ್ವಲ್ಪ ಕಾಲ ಹೊಡೆದಾಟ ನಿಲ್ಲಿಸುವುದು, ‘ಸುಲ್ಹ್’ ಅಂದರೆ ರಾಜಿ. ಕನ್ನಡ ಸುದ್ದಿಯಲ್ಲಿ ಎರಡಕ್ಕೂ ಒಂದೊಂದು ಸಲ ಶಾಂತಿ ಅಂತಲೇ ಬರುತ್ತದೆ. ಕದನವಿರಾಮ ಆದರೆ ಒಂದು ಕ್ಯಾಲೆಂಡರ್ ತೆಗೆದುಕೊಳ್ಳಿ. ಎಷ್ಟು ಹಂತ, ಮೊದಲ ಹಂತ ಎಷ್ಟು ದಿನ, ಎರಡನೆಯದಕ್ಕೆ ಒಪ್ಪಿಗೆ ಆಗಿದೆಯೋ ಅಥವಾ ಮಾತುಕತೆ ಮಾತ್ರವೋ, ಬರೆದಿಡಿ.

ನನ್ನ ಚಿಕ್ಕಪ್ಪನ ಮಗಳು ಈಗ ಅಲ್ಲೇ ಕೆಲಸದಲ್ಲಿದ್ದಾಳೆ. 2025ರ ಜನವರಿ 19ಕ್ಕೆ ಗಾಜಾ ಕದನವಿರಾಮ ಶುರುವಾದಾಗ ಚಿಕ್ಕಮ್ಮ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸಿ ಬಂದರು. ಒಳ್ಳೆಯದೇ ಆಯಿತು. ಸಂಜೆ ನಾವಿಬ್ಬರೂ ಅಡುಗೆಮನೆಯ ಕ್ಯಾಲೆಂಡರ್ ಮುಂದೆ ನಿಂತೆವು. ಮೂರು ಹಂತ, ಮೊದಲನೆಯದು 42 ದಿನ. ಎಣಿಸಿ ಮಾರ್ಚ್ 1ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದೆ. ಆ ದಿನ ಹತ್ತಿರ ಬಂದರೂ ಎರಡನೇ ಹಂತಕ್ಕೆ ಒಪ್ಪಿಗೆಯ ಸುದ್ದಿ ಬರಲಿಲ್ಲ. ಸೈರನ್ ಕೂಗಿದರೆ ಶೆಲ್ಟರಿಗೆ ಒಯ್ಯುವ ಚೀಲ ಮತ್ತೆ ಬಾಗಿಲ ಹತ್ತಿರ ಇಡು, ಪಾಸ್‌ಪೋರ್ಟ್, ನೀನು ನೋಡಿಕೊಳ್ಳುವ ಅಜ್ಜಿಯ ಮಾತ್ರೆ ಅದರಲ್ಲೇ ಇರಲಿ ಅಂತ ಅವಳಿಗೆ ಹೇಳಿದೆವು. ಮಾರ್ಚ್ 18ರ ನಸುಕಿನಲ್ಲಿ ಗಾಜಾ ಮೇಲೆ ಮತ್ತೆ ಬಾಂಬ್ ಬಿತ್ತು. ಅವಳಿದ್ದ ಊರಿನಲ್ಲೂ ಆಮೇಲೆ ಸೈರನ್ ಕೂಗಿತು. ಚೀಲ ಬಾಗಿಲ ಹತ್ತಿರವೇ ಇತ್ತು ಅಂತ ಅವಳು ಫೋನ್ ಮಾಡಿ ಹೇಳಿದಳು.