ರೋಟರಿ ವಾರದ ಸಭೆಗೆ ಆರೋಗ್ಯ ಕ್ಷೇತ್ರದ ಅತಿಥಿ: ನಾವು ನಡೆಸುವ ಕ್ರಮ

ನಮ್ಮದು ರೋಟರಿ ಜಿಲ್ಲೆ 3182ರಲ್ಲಿ, ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕ್ಲಬ್. ಗುರುವಾರ ಸಂಜೆ ಏಳೂವರೆಗೆ ಸಭೆ. ಕಾರ್ಯಕ್ರಮ ಸಮಿತಿ ನನ್ನ ಕೈಗೆ ಬಂದ ಮೇಲೆ ಆರೋಗ್ಯದ ಕಾರ್ಯಕ್ರಮಗಳಿಗೆ ಒಂದು ನಿಯಮ ಹಾಕಿಕೊಂಡೆ: ಅತಿಥಿಗೆ ವಿಷಯ ಕೊಡುವುದಿಲ್ಲ, ಪ್ರಶ್ನೆ ಕೊಡುತ್ತೇವೆ. ‘ಹೃದಯ ಆರೋಗ್ಯ ಜಾಗೃತಿ’ ಎಂದು ಬರೆದು ಕಳಿಸಿದರೆ ಹೃದ್ರೋಗ ತಜ್ಞರು ವೈದ್ಯರ ಸಮ್ಮೇಳನಕ್ಕೆ ಮಾಡಿಟ್ಟ ಇಂಗ್ಲಿಷ್ ಸ್ಲೈಡುಗಳನ್ನೇ ತರುತ್ತಾರೆ. ಅವರನ್ನು ದೂರುವಂತಿಲ್ಲ, ನಾವು ಕೇಳಿದ್ದೇ ಅಷ್ಟು. ‘ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದರೆ ನಮ್ಮ ಊರಿನಿಂದ ಮೊದಲು ಎಲ್ಲಿಗೆ ಹೋಗಬೇಕು, ಯಾವ ಗಾಡಿಯಲ್ಲಿ, ಜೊತೆಯಲ್ಲಿ ಏನೇನು ಕಾಗದ ಹಿಡಿದುಕೊಂಡು?’ ಎಂದು ಕೇಳಿದರೆ ಅದೇ ವೈದ್ಯರು ಇಸಿಜಿ ಎಲ್ಲಿ ತೆಗೆಯುತ್ತಾರೆ, ಘಾಟಿ ರಸ್ತೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನೆಲ್ಲ ಲೆಕ್ಕ ಹಾಕಿಕೊಂಡು ಬರುತ್ತಾರೆ.

ಯಾರನ್ನು ಕರೆಯುವುದು ಎಂಬಲ್ಲೂ ನಮ್ಮ ಅಭ್ಯಾಸ ಬದಲಾಗಬೇಕಿತ್ತು. ಹೆಸರಾಂತ ಸರ್ಜನ್ ಬಂದರೆ ಹಾಲ್ ತುಂಬುತ್ತದೆ, ನಿಜ. ಆದರೆ ಮನೆಯಲ್ಲಿ ಉಪಯೋಗಕ್ಕೆ ಬರುವ ಮಾತು ಹೆಚ್ಚಾಗಿ ಬರುವುದು ಬೇರೆಯವರಿಂದ: ಆಸ್ಪತ್ರೆಯ ವಿಮೆ ಡೆಸ್ಕ್ ನೋಡಿಕೊಳ್ಳುವವರು, ಡಯಾಲಿಸಿಸ್ ತಂತ್ರಜ್ಞರು, ಔಷಧ ಅಂಗಡಿಯ ಫಾರ್ಮಾಸಿಸ್ಟ್, 108 ಆಂಬುಲೆನ್ಸ್ ಸಿಬ್ಬಂದಿ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಕೂರುವ ಆರೋಗ್ಯಮಿತ್ರ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಎಂಬುದು ಎಲ್ಲರಿಗೂ ಗೊತ್ತು. ತುರ್ತು ಅಲ್ಲದ ಎಷ್ಟೋ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು ಎಂಬುದು ಗೊತ್ತಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸುವವರು ಬಹಳ. ನಮ್ಮ ಸದಸ್ಯರ ತೋಟಗಳಲ್ಲಿ, ಅಂಗಡಿಗಳಲ್ಲಿ ಕೆಲಸ ಮಾಡುವವರಿಗೆ ಈ ಒಂದು ಮಾತು ತಲುಪಿದರೂ ಆ ಗುರುವಾರ ಸಾರ್ಥಕ.

ದಿನ ಗೊತ್ತುಮಾಡುವಾಗ ಜುಲೈ ತಿಂಗಳನ್ನು ಬಿಡುತ್ತೇವೆ. ರೋಟರಿ ವರ್ಷ ಶುರುವಾಗುವುದೂ ಜುಲೈ 1ಕ್ಕೆ, ವೈದ್ಯರ ದಿನ ಬರುವುದೂ ಅಂದೇ. ಎಲ್ಲ ಕ್ಲಬ್ಬುಗಳೂ ಊರಿನ ವೈದ್ಯರನ್ನು ಕರೆದು ಶಾಲು ಹೊದಿಸುವ ವಾರಗಳಲ್ಲಿ ಯಾರಿಗೂ ನೆಮ್ಮದಿಯಾಗಿ ಮಾತಾಡುವ ಪುರುಸೊತ್ತಿಲ್ಲ. ಆರು ವಾರ ಮೊದಲು ಫೋನ್ ಮಾಡಿ ಅವರ ಒಪಿಡಿ ದಿನ, ಆಪರೇಷನ್ ದಿನ ಕೇಳಿಕೊಳ್ಳುತ್ತೇವೆ. ಆಪರೇಷನ್ ದಿನದ ಸಂಜೆ ಒಪ್ಪಿಕೊಂಡವರು ಬರುತ್ತಾರೆಂಬ ಭರವಸೆ ಕಡಿಮೆ. ಒಪ್ಪಿದ ಮೇಲೆ ಒಂದು ಪುಟದ ಪತ್ರ. ಅದರಲ್ಲಿ ಇಷ್ಟೇ: ಪ್ರಶ್ನೆ, ಕೇಳುಗರು ಯಾರು (ಅಡಿಕೆ ಬೆಳೆಗಾರರು, ಶಿಕ್ಷಕರು, ವ್ಯಾಪಾರಿಗಳು, ಹೆಚ್ಚಿನವರು ಐವತ್ತು ದಾಟಿದವರು, ಆನ್ಸ್, ಅಂದರೆ ಸದಸ್ಯರ ಪತ್ನಿಯರು ಕೂಡ ಬರುತ್ತಾರೆ), ಮಾತಿಗೆ 22 ನಿಮಿಷ, ಪ್ರಶ್ನೆಗೆ 15, ಕನ್ನಡದಲ್ಲಿ, ಸ್ಲೈಡ್ ಹತ್ತಕ್ಕಿಂತ ಹೆಚ್ಚು ಬೇಡ, ಊಟಕ್ಕೆ ಮುಂಚಿನ ಕಾರ್ಯಕ್ರಮವಾದ್ದರಿಂದ ಶಸ್ತ್ರಚಿಕಿತ್ಸೆಯ ಚಿತ್ರ ಬೇಡ. ಮೂರು ದಿನ ಮೊದಲು ಮತ್ತೊಮ್ಮೆ ಫೋನ್.

ಸಭೆಯ ಹೊತ್ತು ಸೋರಿಹೋಗುವುದು ಭಾಷಣದಲ್ಲಲ್ಲ, ಅದಕ್ಕೂ ಮುಂಚೆ. ಅಧ್ಯಕ್ಷರು ಗಂಟೆ ಬಾರಿಸಿ, ಪ್ರಾರ್ಥನೆ, ಸ್ವಾಗತ, ಕಾರ್ಯದರ್ಶಿಯ ವರದಿ, ಹುಟ್ಟುಹಬ್ಬ–ಮದುವೆ ವಾರ್ಷಿಕೋತ್ಸವದ ಹೂವು, ಇದೆಲ್ಲ 15 ನಿಮಿಷದಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಕತ್ತರಿ ಬೀಳುವುದು ಅತಿಥಿಯ ಮಾತಿಗೆ. ಆರೋಗ್ಯದ ಅತಿಥಿ ಇರುವ ವಾರ ಕಾರ್ಯದರ್ಶಿಯ ವರದಿಯನ್ನು ಮೊದಲೇ ವಾಟ್ಸಾಪಿಗೆ ಹಾಕುತ್ತೇವೆ, ಸಭೆಯಲ್ಲಿ ಮುಂದಿನ ಎರಡು ಕಾರ್ಯಕ್ರಮದ ದಿನಾಂಕ ಮಾತ್ರ. ಪರಿಚಯ ಒಂದೂವರೆ ನಿಮಿಷ. ಬಯೋಡೇಟಾ ಪೂರ್ತಿ ಓದುವ ಪದ್ಧತಿಯನ್ನು ಬಿಡಿಸುವುದಕ್ಕೆ ನಮ್ಮಲ್ಲಿ ಕಷ್ಟವಾಯಿತು. ಈಗ ಪರಿಚಯ ಮಾಡುವವರಿಗೆ ನಾಲ್ಕು ವಾಕ್ಯ ಬರೆದುಕೊಡುತ್ತೇವೆ. ಹೊತ್ತು ನೋಡುವುದು ದಂಡಪಾಣಿಯ, ಅಂದರೆ ಸಭೆಯ ಶಿಸ್ತು ನೋಡಿಕೊಳ್ಳುವ ಪದಾಧಿಕಾರಿಯ ಕೆಲಸ. ಹಿಂದಿನ ಸಾಲಿನಲ್ಲಿ ನಿಂತು ಐದು ನಿಮಿಷ ಉಳಿದಾಗ ಹಳದಿ ಕಾರ್ಡ್, ಮುಗಿದಾಗ ಕೆಂಪು. ಇದಕ್ಕೊಂದು ವೈದ್ಯಕೀಯ ಕಾರಣವೂ ಇದೆ: ಸದಸ್ಯರಲ್ಲಿ ಸಕ್ಕರೆ ಕಾಯಿಲೆಯವರು ಅನೇಕರು, ಇನ್ಸುಲಿನ್ ತೆಗೆದುಕೊಳ್ಳುವವರೂ ಇದ್ದಾರೆ. ಎಂಟೂವರೆಗೆ ಊಟ ಎಂದು ನಂಬಿ ಎಂಟೂಕಾಲಿಗೆ ಇನ್ಸುಲಿನ್ ಹಾಕಿಕೊಂಡವರಿಗೆ ಒಂಬತ್ತೂಕಾಲಿಗೆ ಬಡಿಸಿದರೆ ಸಕ್ಕರೆ ಕೆಳಗಿಳಿದು ಕೈ ನಡುಗತೊಡಗುತ್ತದೆ. ಮಧುಮೇಹದ ಭಾಷಣ ನಡೆಯುತ್ತಿರುವಾಗಲೇ ಹಾಗಾಗಬಾರದು. ಊಟ ತಡವಾಗುವ ಸೂಚನೆ ಸಿಕ್ಕರೆ ಮೊದಲೇ ಹೇಳಿಬಿಡುತ್ತೇವೆ, ಅಡುಗೆಯವರ ಹತ್ತಿರ ಸಕ್ಕರೆ ಪಾನಕ ಸಿದ್ಧವಿರುತ್ತದೆ.

ಪ್ರಶ್ನೆ ಹೇಗಿರಬೇಕೆಂಬುದಕ್ಕೆ ವಿಮೆಯ ಕಾರ್ಯಕ್ರಮ ಒಳ್ಳೆಯ ಮಾದರಿ. ನಾವು ಕೊಟ್ಟದ್ದು: ‘ಪಾಲಿಸಿ ಇದ್ದರೂ ಕೈಯಿಂದ ದುಡ್ಡು ಹೋಗುವುದು ಏಕೆ?’ ಇದಕ್ಕೆ ಸ್ಲೈಡ್ ಬೇಡ, ಒಂದು ಬಿಳಿ ಹಲಗೆ ಸಾಕು. ವಿಮೆಯ ಮೊತ್ತ 3 ಲಕ್ಷ, ಕೋಣೆ ಬಾಡಿಗೆಯ ಮಿತಿ ಶೇ. 1, ಅಂದರೆ ದಿನಕ್ಕೆ 3,000 ಎಂದಿಟ್ಟುಕೊಳ್ಳಿ. ರೋಗಿ 6,000ದ ಕೋಣೆಯಲ್ಲಿ ಮೂರು ದಿನ ಇದ್ದರು. ಬಿಲ್ಲಿನಲ್ಲಿ ಕೋಣೆಗೆ 18,000; ಸರ್ಜನ್, ಅರಿವಳಿಕೆ, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,20,000; ಔಷಧ, ಪರೀಕ್ಷೆ, ಇಂಪ್ಲಾಂಟ್ 52,000. ಒಟ್ಟು 1,90,000. ಕೋಣೆಯ ಹೆಚ್ಚುವರಿ 9,000 ಮಾತ್ರ ನಮ್ಮ ಪಾಲು ಎಂದು ಬಹುತೇಕರು ತಿಳಿದಿರುತ್ತಾರೆ. ಆದರೆ ಅನುಪಾತದ ಕಡಿತ ಇರುವ ಪಾಲಿಸಿಯಲ್ಲಿ ಅರ್ಹತೆಗಿಂತ ದುಪ್ಪಟ್ಟು ಬಾಡಿಗೆಯ ಕೋಣೆ ಹಿಡಿದರೆ ಆ 1,20,000ದಲ್ಲೂ ಅರ್ಧವೇ ಸಿಗುತ್ತದೆ. ಔಷಧ, ಪರೀಕ್ಷೆ, ಇಂಪ್ಲಾಂಟಿಗೆ ಈ ಕಡಿತ ಹಾಕುವಂತಿಲ್ಲ, ಐಸಿಯು ಶುಲ್ಕಕ್ಕೂ ಇಲ್ಲ. ಹಾಗಾಗಿ ಕಂಪನಿ ಕೊಡುವುದು 1,21,000, ಕೈಯಿಂದ ಹೋಗುವುದು 69,000. ಹಲಗೆಯ ಮೇಲೆ ಈ ಲೆಕ್ಕ ಮುಗಿಯುವ ಹೊತ್ತಿಗೆ ಜನ ಫೋನ್ ತೆಗೆದು ತಮ್ಮ ಪಾಲಿಸಿಯಲ್ಲಿ ಬಾಡಿಗೆ ಮಿತಿ ಹುಡುಕುತ್ತಿರುತ್ತಾರೆ. ಅದಕ್ಕೆಂದೇ ಆ ವಾರ ಪಾಲಿಸಿಯ ಪ್ರತಿ ತರಲು ಮೊದಲೇ ಹೇಳಿರುತ್ತೇವೆ. 2024ರ ನಿಯಮಗಳನ್ನೂ ಅಲ್ಲೇ ಬರೆಸುತ್ತೇವೆ: ಕ್ಯಾಶ್‌ಲೆಸ್ ಕೋರಿಕೆಗೆ ವಿಮಾ ಕಂಪನಿ ಒಂದು ಗಂಟೆಯೊಳಗೆ ಉತ್ತರಿಸಬೇಕು, ಬಿಡುಗಡೆಯ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು, ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 36 ತಿಂಗಳಿಗಿಂತ ಹೆಚ್ಚಿರುವಂತಿಲ್ಲ.

ಅಕ್ಟೋಬರ್ 24, ವಿಶ್ವ ಪೋಲಿಯೊ ದಿನದ ವಾರಕ್ಕೆ ದೊಡ್ಡ ಭಾಷಣಕಾರರು ಬೇಕಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದವರನ್ನು ಲಸಿಕೆ ಕ್ಯಾರಿಯರ್ ಸಮೇತ ಬರಹೇಳುತ್ತೇವೆ. ಭಾರತದ ಕೊನೆಯ ಪೋಲಿಯೊ ಪ್ರಕರಣ ಹೌರಾದಲ್ಲಿ 2011ರ ಜನವರಿ 13ರಂದು ಎಂದು ಪ್ರತಿ ವರ್ಷ ಹೇಳುತ್ತೇವಲ್ಲ, ಅದು ಸಾಧ್ಯವಾದ ಬಗೆ ಆ ಪೆಟ್ಟಿಗೆಯಲ್ಲಿದೆ. ನಾಲ್ಕು ಐಸ್ ಪ್ಯಾಕ್, ನಡುವೆ ಶೀಶೆಗಳು. ಶೀಶೆಯ ಮೇಲೊಂದು ಸಣ್ಣ ವೃತ್ತ, ವೃತ್ತದೊಳಗೆ ಚೌಕ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ, ಎರಡೂ ಒಂದೇ ಬಣ್ಣಕ್ಕೆ ಬಂದರೆ ಆ ಶೀಶೆ ಎಸೆಯಬೇಕು. ಪಲ್ಸ್ ಪೋಲಿಯೊ ಬೂತಿನಲ್ಲಿ ವರ್ಷಗಟ್ಟಲೆ ಕೂತ ಸದಸ್ಯರಲ್ಲೂ ಇದನ್ನು ಕೈಯಲ್ಲಿ ಹಿಡಿದು ನೋಡದವರಿದ್ದಾರೆ.

ಪ್ರಶ್ನೋತ್ತರಕ್ಕೆ ಮೈಕ್ ಕೊಡುವುದಿಲ್ಲ, ಚೀಟಿ ಕೊಡುತ್ತೇವೆ. ಮೈಕ್ ಕೊಟ್ಟರೆ ಮೊದಲನೆಯವರೇ ಜೇಬಿನಿಂದ ಲ್ಯಾಬ್ ರಿಪೋರ್ಟ್ ತೆಗೆದು ತಮ್ಮ ಕ್ರಿಯೇಟಿನಿನ್ ಓದುತ್ತಾರೆ. ಅದು ಅವರಿಗೂ ಒಳ್ಳೆಯದಲ್ಲ, ಊರಿಗೆಲ್ಲ ಗೊತ್ತಾಗುತ್ತದೆ. ಹೆಸರಿಲ್ಲದ ಚೀಟಿಯಲ್ಲಿ ಮೂತ್ರ ಹಿಡಿತ ತಪ್ಪುವುದು, ಗರ್ಭಕಂಠದ ಪರೀಕ್ಷೆ, ಮಗನ ಕುಡಿತ, ಇವೆಲ್ಲ ಬರುತ್ತವೆ. ಮೈಕಿನಲ್ಲಿ ಇವು ಯಾವುದೂ ಬರುವುದಿಲ್ಲ. ಭಾಷಣ ಮುಗಿಯುತ್ತಿದ್ದಂತೆ ಇಬ್ಬರು ಚೀಟಿ ವಿಂಗಡಿಸಿ ಒಂದೇ ಬಗೆಯವನ್ನು ಸೇರಿಸಿ ಓದುತ್ತಾರೆ.

ಪ್ರಚಾರದ ವಿಷಯದಲ್ಲಿ ಗಟ್ಟಿಯಾಗಿರಬೇಕು. ದೊಡ್ಡ ಆಸ್ಪತ್ರೆಗಳ ಮಾರ್ಕೆಟಿಂಗ್ ವಿಭಾಗದವರು ತಾವಾಗಿಯೇ ಫೋನ್ ಮಾಡಿ ಭಾಷಣಕಾರರನ್ನು, ಉಚಿತ ತಪಾಸಣೆಯನ್ನು, ಕೆಲವೊಮ್ಮೆ ಊಟದ ಖರ್ಚನ್ನೂ ಕೊಡಲು ಮುಂದಾಗುತ್ತಾರೆ. ಭಾಷಣಕಾರರನ್ನು ಒಪ್ಪುತ್ತೇವೆ, ಊಟದ ಖರ್ಚನ್ನು ಒಪ್ಪುವುದಿಲ್ಲ. ರಿಯಾಯಿತಿ ಕಾರ್ಡ್ ಹಂಚುವಂತಿಲ್ಲ, ಸದಸ್ಯರ ಫೋನ್ ನಂಬರಿನ ಪಟ್ಟಿ ಕೊಡುವುದಿಲ್ಲ. ಸಕ್ಕರೆ ಕಾಯಿಲೆ ಪೂರ್ತಿ ವಾಸಿ ಮಾಡುತ್ತೇವೆ ಎಂದು ಬರುವವರಿಗೆ ವೇದಿಕೆಯೇ ಇಲ್ಲ. ಅಂಥ ಜಾಹೀರಾತನ್ನು ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) 1954ರ ಕಾಯ್ದೆಯೇ ನಿಷೇಧಿಸಿದೆ.

ಸಭೆಗೆ ಮೊದಲು ಬಿಪಿ ನೋಡುವ ಮೇಜು ಇಡುವುದಾದರೆ ಸರಿಯಾಗಿ ಇಡಬೇಕು. ನಮ್ಮ ಹಾಲ್ ಮಹಡಿಯ ಮೇಲಿದೆ. ಮೆಟ್ಟಿಲು ಹತ್ತಿದ ಕೂಡಲೇ ಪಟ್ಟಿ ಸುತ್ತಿದರೆ ಎಲ್ಲರ ಬಿಪಿಯೂ ಹೆಚ್ಚೇ ಬರುತ್ತದೆ, ಮಾರನೆಯ ದಿನ ಅರ್ಧ ಕ್ಲಬ್ ಗಾಬರಿಯಿಂದ ವೈದ್ಯರಲ್ಲಿ ಕೂತಿರುತ್ತದೆ. ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು, ಪಾದ ನೆಲಕ್ಕೆ ತಾಗಿರಬೇಕು, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಬೇಕು, ಹಿಂದಿನ ಅರ್ಧ ಗಂಟೆ ಕಾಫಿ, ಸಿಗರೇಟು ಇರಬಾರದು, ಅಳೆಯುವಾಗ ಮಾತು ಬೇಡ. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ, ಆದ್ದರಿಂದ ದೊಡ್ಡ ಅಳತೆಯ ಪಟ್ಟಿಯೂ ಇರಬೇಕು. ಚಹಾ, ಬಜ್ಜಿ ಆದ ಮೇಲೆ ಸಕ್ಕರೆ ಪರೀಕ್ಷೆ ಮಾಡಿಸುವುದನ್ನು ನಿಲ್ಲಿಸಿದ್ದೇವೆ, ಆ ಅಂಕಿಯನ್ನು ಯಾರೂ ಸರಿಯಾಗಿ ಅರ್ಥ ಮಾಡಿಕೊಳ್ಳುವುದಿಲ್ಲ.

ತುರ್ತು ಕರೆ ಬಂದು ವೈದ್ಯರು ಏಳು ಗಂಟೆಗೆ ‘ಬರಲಾಗುವುದಿಲ್ಲ’ ಎನ್ನುವುದು ಆಗಾಗ ಇದ್ದದ್ದೇ, ಅದಕ್ಕೆ ಬೇಸರಪಡಬಾರದು. ಆ ದಿನಕ್ಕೆ ನಮ್ಮಲ್ಲಿ ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ಪ್ರಥಮ ಚಿಕಿತ್ಸೆ) ಅಭ್ಯಾಸ ಸಿದ್ಧವಿದೆ: ಒಂದು ಮ್ಯಾನಿಕಿನ್, ಎರಡು ಚಾಪೆ, ತರಬೇತಿ ಪಡೆದ ಇಬ್ಬರು ಸದಸ್ಯರು. ಕುಸಿದವರನ್ನು ಕರೆದು ಭುಜ ತಟ್ಟಿ ನೋಡುವುದು, ಸ್ಪಂದನೆ ಇಲ್ಲದೆ ಉಸಿರೂ ಸರಿಯಾಗಿಲ್ಲದಿದ್ದರೆ 108ಕ್ಕೆ ಕರೆ, ಕೂಡಲೇ ಎದೆಯ ನಡುವೆ ಒತ್ತುವುದು. ಆಳ ಕನಿಷ್ಠ 5 ಸೆಂಟಿಮೀಟರ್, 6 ಮೀರಬಾರದು. ನಿಮಿಷಕ್ಕೆ 100ರಿಂದ 120. ತರಬೇತಿ ಇದ್ದವರು 30 ಒತ್ತಿಗೆ 2 ಉಸಿರು ಕೊಡಬಹುದು, ಇಲ್ಲದವರು ಒತ್ತುತ್ತಲೇ ಇರಲಿ. ಎಲ್ಲರೂ ಮಾಡುವ ತಪ್ಪು ಎರಡು: ಮೊಣಕೈ ಮಡಚುವುದು, ಒತ್ತಿದ ಮೇಲೆ ಎದೆ ಪೂರ್ತಿ ಮೇಲೇಳಲು ಬಿಡದಿರುವುದು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಒತ್ತು ಮೇಲ್ಮೇಲಾಗುತ್ತದೆ, ಆಗ ಇನ್ನೊಬ್ಬರು ಮುಂದುವರಿಸಬೇಕು. ಮಂಡಿನೋವಿನವರು ಎಣಿಸುವ ಮತ್ತು 108ಕ್ಕೆ ಕರೆ ಮಾಡುವ ಕೆಲಸ ಕಲಿಯುತ್ತಾರೆ.

2016ರ ನಂತರ ತಿಂಗಳಿಗೆ ಎರಡು ಸಭೆ ಸಾಕು ಎಂಬ ಅವಕಾಶ ರೋಟರಿಯಲ್ಲಿ ಬಂದಿದೆ. ನಾವಿನ್ನೂ ವಾರವಾರವೂ ಸೇರುತ್ತೇವೆ. ಒಂದು ಗುರುವಾರ ಕೇಳಿದ್ದನ್ನು ಮುಂದಿನ ಗುರುವಾರ ಐದು ನಿಮಿಷ ವಿಚಾರಿಸಲು ಸಾಧ್ಯವಾಗುವುದು ಇದರಿಂದಲೇ. ಸಭೆಯಾದ ಎರಡು ದಿನದೊಳಗೆ ಭಾಷಣದ ಸಾರವನ್ನು ಹತ್ತು ಸಾಲಿನಲ್ಲಿ ಬರೆದು ಅತಿಥಿಗೆ ಕಳಿಸುತ್ತೇವೆ. ಅವರು ತಿದ್ದಿಕೊಟ್ಟ ಮೇಲೆಯೇ ಗುಂಪಿಗೆ ಹೋಗುತ್ತದೆ. ಔಷಧದ ಹೆಸರು, ಪ್ರಮಾಣ ಅದರಲ್ಲಿ ಇರುವುದಿಲ್ಲ, ಏಕೆಂದರೆ ಗುಂಪಿನಿಂದ ಗುಂಪಿಗೆ ಹೋದ ಹಾಗೆ ಸಾಲುಗಳು ಉದುರುತ್ತವೆ, ಮಾತ್ರೆಯ ಹೆಸರು ಮಾತ್ರ ಉಳಿಯುತ್ತದೆ.