ಶೇಡಿ ಮಣ್ಣಿನ ಹೊಂಡದಲ್ಲಿ ಕೋಯಿ ಸಾಕಿದ ಅನುಭವ

ಜೆಸಿಬಿ ಮೂರಡಿ ತೋಡುವವರೆಗೆ ಕೆಂಪು ಮಣ್ಣೇ ಬರುತ್ತಿತ್ತು. ಆಮೇಲೆ ಚಿರೆಕಲ್ಲಿನ ಚೂರು, ಅದರ ಕೆಳಗೆ ಬೆಣ್ಣೆಯಂತೆ ನುಣುಪಾದ ಬಿಳಿ ಶೇಡಿ. "ಇನ್ನೊಂದಡಿ ತೆಗೆದರೆ ನೀರು ಚೆನ್ನಾಗಿ ನಿಲ್ಲುತ್ತದೆ" ಎಂದ ಚಾಲಕ. ನೀರು ನಿಂತಿತು, ಅವನ ಮಾತು ಸುಳ್ಳಾಗಲಿಲ್ಲ. ಆದರೆ ಆ ಒಂದಡಿ ಶೇಡಿಯಿಂದಾಗಿ ನಾನು ಎರಡು ವರ್ಷ ಪಾಡು ಪಟ್ಟೆ.

ನಮ್ಮ ಮನೆ ಇರುವುದು ಶಿರಸಿಯಿಂದ ಕುಮಟಾಕ್ಕೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟಕ್ಕಿಂತ ಮೊದಲು. ಅಡಿಕೆ ತೋಟದ ತಲೆಭಾಗದಲ್ಲಿ 4 ಗುಂಟೆ ಜಾಗ ಖಾಲಿ ಇತ್ತು. ಅಲ್ಲಿ ಸರಾಸರಿ ನಾಲ್ಕಡಿ ನೀರು ನಿಲ್ಲುವ ಹೊಂಡ ಮಾಡಿಸಿ, ಶ್ರಾವಣದಲ್ಲಿ ಎರಡಿಂಚಿನ 300 ಕೋಯಿ (ಚೆಂದಕ್ಕೆ ಸಾಕುವ ಬಣ್ಣದ ಗೆಂಡೆ ಮೀನು) ಮರಿಗಳನ್ನು ಬಿಟ್ಟೆ. ಹೊಂಡದ ನೀರು ಮಜ್ಜಿಗೆಯ ಬಣ್ಣದಲ್ಲಿತ್ತು. ಮಳೆ ಕಡಿಮೆಯಾದರೆ ತಿಳಿಯಾದೀತು ಎಂದುಕೊಂಡೆ. ದೀಪಾವಳಿ ಬಂದರೂ ತಿಳಿಯಾಗಲಿಲ್ಲ. ಬಲೆ ಹಾಕಿ ನಾಲ್ಕು ಮೀನು ಹಿಡಿದು ನೋಡಿದರೆ, ತರುವಾಗ ದಾಸವಾಳದಂತಿದ್ದ ಕೆಂಪು ತಿಳಿ ಕಿತ್ತಳೆಗೆ ಇಳಿದಿತ್ತು. ಮೈ ಬೆಳೆದೇ ಇರಲಿಲ್ಲ.

ಶೇಡಿಯ ಕಣ ಬಹಳ ಸೂಕ್ಷ್ಮ. ಅದಕ್ಕಿಂತ ಮುಖ್ಯವಾಗಿ, ಆ ಕಣಗಳ ಮೇಲೆ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದು ಇನ್ನೊಂದನ್ನು ದೂರ ತಳ್ಳುತ್ತಲೇ ಇರುತ್ತದೆ. ನೀರಿನಲ್ಲಿ ಸುಣ್ಣದಂಶ ಸಾಕಷ್ಟಿದ್ದರೆ ಅವು ಒಂದಕ್ಕೊಂದು ಅಂಟಿ, ಭಾರವಾಗಿ ತಳ ಸೇರುತ್ತವೆ. ನಮ್ಮ ಮಲೆನಾಡಿನ ಮಳೆನೀರಿನಲ್ಲಿ ಆ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಿಂಗಳುಗಟ್ಟಲೆ ಕಾದರೂ ಅದು ತೇಲುತ್ತಲೇ ಇರುತ್ತದೆ. ಬಿಸಿಲು ಒಳಗಿಳಿಯುವುದಿಲ್ಲ, ಪಾಚಿ ಹುಟ್ಟುವುದಿಲ್ಲ, ಪಾಚಿಯನ್ನು ನಂಬಿದ ಸಣ್ಣ ಜೀವಿಗಳೂ ಬರುವುದಿಲ್ಲ. ಕೋಯಿಯ ಕೆಂಪಿಗೆ ಬೇಕಾದ ವರ್ಣದ್ರವ್ಯವನ್ನು ಅದರ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ತಿಂದದ್ದರಿಂದಲೇ ಪಡೆಯಬೇಕು. ನನ್ನ ಮೀನುಗಳಿಗೆ ತಿನ್ನಲು ಸಿಗುತ್ತಿದ್ದದ್ದು ನಾನು ಹಾಕುವ ಹಿಂಡಿ ಮತ್ತು ತೌಡು ಮಾತ್ರ.

ಎರಡು ಗಾಜಿನ ಬಾಟಲಿಗಳಲ್ಲಿ ಹೊಂಡದ ನೀರು ತುಂಬಿ, ಒಂದಕ್ಕೆ ಮಾತ್ರ ಸುಣ್ಣದಂಶವಿರುವ ಜಿಪ್ಸಮ್ ಚಿಟಿಕೆ ಹಾಕಿ, ಕುಲುಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ. ಬೆಳಿಗ್ಗೆ ಆಯಿ ಕರೆದು ತೋರಿಸಿದರು. ಒಂದು ಬಾಟಲಿ ಹಾಗೆಯೇ ಮಜ್ಜಿಗೆ. ಇನ್ನೊಂದರ ತಳದಲ್ಲಿ ಎರಡು ಬೆರಳು ದಪ್ಪ ಮೊಸರಿನಂಥ ಗಷ್ಟು, ಮೇಲೆ ಆಚೆಯ ತೆಂಗಿನ ಮರ ಕಾಣುವಷ್ಟು ತಿಳಿನೀರು. ಆ ಬಾಟಲಿಯನ್ನು ನಾನು ಎಷ್ಟು ಹೊತ್ತು ಹಿಡಿದು ನಿಂತಿದ್ದೆನೋ ಗೊತ್ತಿಲ್ಲ. ಅಳತೆ ಬದಲಿಸಿ ಮತ್ತೆ ಮತ್ತೆ ನೋಡಿದ ಮೇಲೆ ಸಾವಿರ ಲೀಟರಿಗೆ 300 ಗ್ರಾಂ ಸಾಕೆಂದು ಗೊತ್ತಾಯಿತು. ಹೊಂಡದಲ್ಲಿದ್ದದ್ದು ಸುಮಾರು 4.8 ಲಕ್ಷ ಲೀಟರ್. 50 ಕೆಜಿಯ ಮೂರು ಚೀಲ ಜಿಪ್ಸಮ್ಮನ್ನು ನೀರಿನಲ್ಲಿ ಕದಡಿ ದಡದ ಸುತ್ತಲೂ ಎರಚಿದೆ. ನಾಲ್ಕನೆಯ ದಿನ ಮೊಣಕೈವರೆಗೆ ಕೈ ಇಳಿಸಿದರೂ ಬೆರಳು ಕಂಡವು.

ಕೋಯಿಯ ತವರು ಜಪಾನಿನ ನೀಗಾಟಾ ಪ್ರಾಂತ್ಯದ ಯಮಕೋಶಿ ಸುತ್ತಲಿನ ಗುಡ್ಡಗಾಡು. ಗದ್ದೆಯ ಹೊಂಡಗಳಲ್ಲಿ ಊಟಕ್ಕೆಂದು ಸಾಕುತ್ತಿದ್ದ ಗೆಂಡೆಗಳ ನಡುವೆ 19ನೇ ಶತಮಾನದಲ್ಲಿ ಬಣ್ಣದ ಮರಿಗಳು ಕಾಣಿಸಿಕೊಂಡವು, ರೈತರು ಅವನ್ನು ಆರಿಸಿ ಬೆಳೆಸಿದರು. 1914ರ ಟೋಕಿಯೊ ಪ್ರದರ್ಶನದ ನಂತರ ಹೊರಗಿನವರಿಗೂ ಅವುಗಳ ಪರಿಚಯವಾಯಿತು. ಇಂದಿಗೂ ಅಲ್ಲಿ ಬೇಸಗೆಯಿಡೀ ಮೀನುಗಳನ್ನು ಮಣ್ಣಿನ ಹೊಂಡದಲ್ಲಿ ಬಿಟ್ಟು, ಹಿಮ ಬೀಳುವ ಮೊದಲು, ಅಕ್ಟೋಬರ್ ಹೊತ್ತಿಗೆ ಹಿಡಿಯುತ್ತಾರೆ. ಅಲ್ಲಿನ ನೀರು ಮೆದು (ಸುಣ್ಣದಂಶ ಕಡಿಮೆ), ಕೆಂಪು ಬಣ್ಣಕ್ಕೆ ಅದು ಒಳ್ಳೆಯದು ಎಂದು ಓದಿ, ನಮ್ಮದೂ ಮೆದು ನೀರೇ ಅಲ್ಲವೇ ಎಂದು ಸಂತೋಷಪಟ್ಟಿದ್ದೆ. ನಮ್ಮದು ಬರೀ ಮೆದುವಲ್ಲ, ಏನೂ ಇಲ್ಲದ ನೀರು ಎಂಬುದು ಮುಂದಿನ ಜೂನ್‌ವರೆಗೆ ನನಗೆ ಹೊಳೆಯಲಿಲ್ಲ.

ಮಿರ್ಗದ ಮಳೆ ಮೂರು ದಿನ ಬಿಡದೆ ಹೊಯ್ದಿತ್ತು. ನಾಲ್ಕನೆಯ ಬೆಳಿಗ್ಗೆ ಹೋದಾಗ ಮೀನುಗಳೆಲ್ಲ ತೂಬಿನ ಬಾಯಿಯಲ್ಲಿ ಗುಂಪಾಗಿ, ಮೂತಿ ಮೇಲೆತ್ತಿ ಬಾಯಿ ತೆರೆಯುತ್ತಿದ್ದವು. ಅಷ್ಟರಲ್ಲೇ ಇಪ್ಪತ್ತಕ್ಕಿಂತ ಹೆಚ್ಚು ಮೀನು ಮಗುಚಿದ್ದವು. ಒಂದನ್ನು ಎತ್ತಿ ಕಿವಿರಿನ ಮುಚ್ಚಳ ಸರಿಸಿದೆ. ರಕ್ತಗೆಂಪಾಗಿ ಇರಬೇಕಾದ ಎಳೆಗಳ ಮೇಲೆ ಕಬ್ಬಿಣದ ತುಕ್ಕಿನ ಬಣ್ಣದ ಲೋಳೆ ಕುಳಿತಿತ್ತು. ಉಗುರಿನಿಂದ ಕೆರೆದರೆ ಉಗುರಿನ ಸಂದಿಯೂ ಕಿತ್ತಳೆಯಾಯಿತು.

ಒಂದೇ ಹೊತ್ತಿಗೆ ಎರಡು ಪೆಟ್ಟು ಬಿದ್ದಿತ್ತು. ಗುಡ್ಡದ ಬುಡದ ಒರತೆ ಜೋರಾಗಿ, ಅದರ ನೀರು ನೇರವಾಗಿ ಹೊಂಡಕ್ಕೆ ಇಳಿಯುತ್ತಿತ್ತು. ಚಿರೆಕಲ್ಲಿನ ನೆಲದೊಳಗಿಂದ ಬರುವ ಅಂಥ ನೀರಿನಲ್ಲಿ ಆಮ್ಲಜನಕ ಕಡಿಮೆ, ಕರಗಿದ ಕಬ್ಬಿಣ ಹೆಚ್ಚು. ಗಾಳಿ ಸೋಕಿದೊಡನೆ ಕಬ್ಬಿಣ ಜಂಗಾಗಿ ಬದಲಾಗುತ್ತದೆ. ಅದು ಕಿವಿರಿನ ಮೇಲೆಯೇ ನಡೆದರೆ ಮೀನಿಗೆ ಉಸಿರು ಕಟ್ಟುತ್ತದೆ. ಇನ್ನೊಂದು ಪೆಟ್ಟು ನೀರಿನ ಹುಳಿಯ ಅಳತೆಯಾದ ಪಿಎಚ್‌ನದು. ಹಿಂದಿನ ವಾರ 7ರ ಹತ್ತಿರ ತೋರಿಸುತ್ತಿದ್ದ ಕಾಗದ ಅಂದು 5.5ರ ಬಣ್ಣಕ್ಕೆ ತಿರುಗಿತು. ಕ್ಷಾರೀಯತೆ ಅಳೆದರೆ ಲೀಟರಿಗೆ 15 ಮಿಲಿಗ್ರಾಂ. 20ಕ್ಕಿಂತ ಕಡಿಮೆಯಿದ್ದರೆ ಆಮ್ಲವನ್ನು ತಡೆದುಕೊಳ್ಳುವ ತ್ರಾಣ ನೀರಿಗೆ ಇರುವುದಿಲ್ಲ. ಜಿಪ್ಸಮ್ ನೀರನ್ನು ತಿಳಿ ಮಾಡುತ್ತದೆ, ಆದರೆ ಆಮ್ಲವನ್ನು ಕಳೆಯುವುದಿಲ್ಲ. ಜಿಪ್ಸಮ್, ಕೃಷಿ ಸುಣ್ಣ ಎರಡೂ ಸುಣ್ಣದ ಬಳಗವೇ ಎಂದು ತಿಳಿದು ನಾನು ಎಡವಿದ್ದು ಇಲ್ಲಿಯೇ.

ಒರತೆಯ ನೀರನ್ನು ಆ ವಾರವೇ ತಿರುಗಿಸಿದೆ. ಈಗ ಅದು ಚಿರೆಕಲ್ಲಿನ ಏಳು ಮೆಟ್ಟಿಲ ಮೇಲೆ ಹಾರಿ ಬಿದ್ದು, ಒಂದು ಸಣ್ಣ ಗುಂಡಿಯಲ್ಲಿ ಜಂಗನ್ನು ಬಿಟ್ಟು, ಆಮೇಲೆ ಹೊಂಡ ಸೇರುತ್ತದೆ. ಆ ಗುಂಡಿಯನ್ನು ಹದಿನೈದು ದಿನಕ್ಕೊಮ್ಮೆ ಬಳಿಯಬೇಕು, ಬಳಿದಾಗ ಬರುವ ಕೆಸರನ್ನು ನೋಡಿದರೆ ಈಗಲೂ ಮೈ ನಡುಗುತ್ತದೆ.

ಮುಂದಿನ ಏಪ್ರಿಲ್‌ನಲ್ಲಿ ಉಳಿದ ಮೀನುಗಳನ್ನು ಸಿಮೆಂಟ್ ತೊಟ್ಟಿಗೆ ಹಾಕಿ ಹೊಂಡವನ್ನು ಪೂರ್ತಿ ಒಣಗಿಸಿದೆ. ತಳದ ಕಪ್ಪು ಕೊಳೆ ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅದನ್ನು ತೆಗೆಸಿ, ನೆಲ ಬಿರುಕು ಬಿಡುವವರೆಗೆ ಬಿಸಿಲಿಗೆ ಬಿಟ್ಟು, ಗುಂಟೆಗೆ 20 ಕೆಜಿಯಂತೆ 80 ಕೆಜಿ ಕೃಷಿ ಸುಣ್ಣ ಹರಡಿದೆ. ಸುಟ್ಟ ಸುಣ್ಣ ಅಗ್ಗಕ್ಕೆ ಸಿಗುತ್ತದೆ, ಆದರೆ ಮೀನು ಇರುವ ನೀರಿಗೆ ಅದನ್ನು ಸುರಿದರೆ ಪಿಎಚ್ ಒಮ್ಮೆಲೇ ಏರುತ್ತದೆ, ದಯವಿಟ್ಟು ಹಾಕಬೇಡಿ. ಕುಮಟಾದ ಭಾವ ಅಘನಾಶಿನಿ ಹಿನ್ನೀರಿನ ಚಿಪ್ಪುಗಳನ್ನು ನಾಲ್ಕು ಚೀಲ ತಂದುಕೊಟ್ಟರು. ಅವನ್ನು ಒಡೆದು ತೂಬಿನ ಬಾಯಿಯಲ್ಲಿ ಹಾಸಿದ್ದೇನೆ. ನೀರು ಹುಳಿಯಾದಷ್ಟೂ ಅವು ಹೆಚ್ಚು ಕರಗುತ್ತವೆ. ಗಜನಿಯ (ಹಿನ್ನೀರಿನ ಬದಿಯ ಉಪ್ಪುನೀರಿನ ಗದ್ದೆಯ) ಕಪ್ಪು ಮಣ್ಣನ್ನೂ ಹಾಕಿ ನೋಡು ಎಂದು ಭಾವ ಹೇಳಿದರು. ಒಂದು ಬುಟ್ಟಿ ತರಿಸಿ ಒಣಗಿಸಿ ನೀರಿನಲ್ಲಿ ಕಲಸಿದಾಗ ಪಿಎಚ್ 4 ತೋರಿಸಿತು. ಆ ಮಣ್ಣಿನೊಳಗಿನ ಗಂಧಕ ಗಾಳಿಗೆ ಆಮ್ಲವಾಗುತ್ತದೆ. ಅದನ್ನು ಮುಟ್ಟಲಿಲ್ಲ.

ಈಗ ಕ್ಷಾರೀಯತೆ 70ರ ಆಸುಪಾಸಿನಲ್ಲಿದೆ. ಪಾಚಿ ಬೆಳೆಯಲೆಂದು ಹದವರಿತು ಸಗಣಿ ಬಗ್ಗಡ ಹಾಕುತ್ತೇನೆ. ಒಂದಡಿ ಆಳದಲ್ಲಿ ಅಂಗೈ ಮರೆಯಾಗುವಷ್ಟು ಹಸಿರು ಸಾಕು, ಅದಕ್ಕಿಂತ ದಟ್ಟವಾದರೆ ನಸುಕಿನಲ್ಲಿ ಆಮ್ಲಜನಕ ಸಾಲುವುದಿಲ್ಲ, ಮಧ್ಯಾಹ್ನ ಪಿಎಚ್ 9 ದಾಟುತ್ತದೆ. 28 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ನೂರಕ್ಕೆ ಒಂದು ಪಾಲೂ ಇಲ್ಲ, 9 ಆದಾಗ ಸುಮಾರು 40 ಪಾಲು. ಬಗ್ಗಡದ ಬುಟ್ಟಿ ಎತ್ತುವ ಮೊದಲು ಕೈ ಮುಳುಗಿಸಿ ನೋಡುವುದು ನನಗೆ ಅದಕ್ಕಾಗಿಯೇ ರೂಢಿಯಾಗಿದೆ.

ಕಳೆದ ಕಾರ್ತಿಕದಲ್ಲಿ ಬಲೆ ಎಳೆದಾಗ 140 ಮೀನು ಸಿಕ್ಕವು. ಬೋರ್‌ವೆಲ್ಲಿನ ಗಡಸು ನೀರಿನ ತೊಟ್ಟಿಯಲ್ಲಿ ಉಳಿಸಿಕೊಂಡಿದ್ದ ಅದೇ ತಂಡದ ಹತ್ತು ಮೀನುಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ತೊಟ್ಟಿಯವುಗಳ ಕಪ್ಪು ಗಾಢವಾಗಿತ್ತು, ಅದನ್ನು ಒಪ್ಪಬೇಕು. ಆದರೆ ಹೊಂಡದ ಮೀನಿನ ಕೆಂಪು ದಪ್ಪವಾಗಿ, ಅಂಚು ಕತ್ತರಿಸಿದಂತೆ ನಿಂತಿತ್ತು, ಬಿಳಿ ಹಾಲಿನಂತಿತ್ತು. ಮೈಯೂ ತೊಟ್ಟಿಯವಕ್ಕಿಂತ ಒಂದೂವರೆ ಪಟ್ಟು. ಅವುಗಳಲ್ಲಿ ಹನ್ನೆರಡನ್ನು ತಾಯಿಮೀನಿಗೆಂದು ಇಟ್ಟುಕೊಂಡಿದ್ದೇನೆ. ಈ ಏಪ್ರಿಲ್‌ನಲ್ಲಿ ಹೊಂಡ ಒಣಗಿದಾಗ ತಳದ ಶೇಡಿಯ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಹಾಸಿ ದಮ್ಮಸ್ಸು ಮಾಡಿಸಬೇಕು. ಮಣ್ಣು ತೋಟದ ಬದಿಯಲ್ಲಿ ರಾಶಿ ಬಿದ್ದಿದೆ.