ಶಾಲೆಯ ಸಿಟ್ಟು ತಂಗಿಯ ಬೆನ್ನಿಗೆ

ಮೊನ್ನೆ ಸಂಜೆ ಶಾಲೆಯಿಂದ ಬಂದ ಮಗ ಬ್ಯಾಗ್ ಎಸೆದವನೇ, ತನ್ನ ಪಾಡಿಗೆ ಬಣ್ಣ ಹಚ್ಚುತ್ತ ಕೂತಿದ್ದ ತಂಗಿಯ ಬೆನ್ನಿಗೆ ಗುದ್ದಿದ. ಅವಳ ಕೈಲಿದ್ದ ಕ್ರಯಾನ್ ಎರಡು ತುಂಡು. ನಾನೂ ಮೊದಲು ಬೈದೆ, ಸುಳ್ಳೇಕೆ. ರಾತ್ರಿ ಮಲಗುವಾಗ ವಿಷಯ ಹೊರಬಿತ್ತು: ಅವತ್ತು ಅವನನ್ನು ಯಾರೂ ಆಟಕ್ಕೆ ಸೇರಿಸಿಕೊಂಡಿರಲಿಲ್ಲ.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತೀವಲ್ಲ, ದೊಡ್ಡವರೇ ಹಾಗಿರುವಾಗ ಮಕ್ಕಳದ್ದೇನು! ಟೀಚರ್ ಮೇಲೆ, ದೊಡ್ಡ ಹುಡುಗರ ಮೇಲೆ ತೋರಿಸಲಾಗದ ಸಿಟ್ಟು ಕೈಗೆ ಸಿಕ್ಕ ಚಿಕ್ಕವರ ಮೇಲೆ ಇಳಿಯುತ್ತದೆ. ಸಿಟ್ಟಿಗೆ ಲಗಾಮು ಹಾಕುವ ಮೆದುಳಿನ ಮುಂಭಾಗ ಪೂರ್ತಿ ಬಲಿಯುವುದೇ 25ರ ಆಸುಪಾಸಿನಲ್ಲಿ. ಜೊತೆಗೆ ಹಸಿವು, ನಿದ್ದೆಗೇಡು ಸೇರಿದರೆ ಕೇಳುವುದೇ ಬೇಡ. 6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು.

ಮಗು ಕೈ ಎತ್ತಿದರೆ ಕೈ ಹಿಡಿದು "ಹೊಡೆಯೋಕೆ ಬಿಡಲ್ಲ" ಅನ್ನಿ, ಸಾಕು. ಪೆಟ್ಟು ತಿಂದವರನ್ನು ಮೊದಲು ಎತ್ತಿಕೊಳ್ಳಿ. "ಯಾಕೆ ಹೊಡೆದೆ?" ಅಂತ ಆಗಲೇ ವಿಚಾರಣೆಗೆ ಇಳಿಯಬೇಡಿ, ಕಾರಣ ಅವರಿಗೇ ಗೊತ್ತಿರಲ್ಲ. "ದಿಂಬಿಗೆ ಗುದ್ದು" ಅನ್ನುವ ಸಲಹೆಯೂ ನನಗೆ ಒಪ್ಪಿಗೆಯಿಲ್ಲ, ಗುದ್ದುವ ಅಭ್ಯಾಸ ಬೆಳೆಯುತ್ತದೆ ಅಷ್ಟೇ. ನಾವು ತಿರುಗಿ ಹೊಡೆದರಂತೂ ಅದೇ ಪಾಠ. 1961ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ನಡೆಸಿದ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಗೆ ಹೊಡೆಯುವುದನ್ನು ನೋಡಿದ ಮಕ್ಕಳು ಹಾಗೆಯೇ ಹೊಡೆದಿದ್ದರು.

ಈಗ ಮಗ ಬಂದ ಕೂಡಲೇ ಪ್ರಶ್ನೆ ಕೇಳಲ್ಲ. ಮೊದಲು ತಿಂಡಿ, ಆಮೇಲೆ ಅರ್ಧ ಗಂಟೆ ಆಟ. ಮಾತು ತಾನಾಗೇ ಬರುತ್ತದೆ, ಹೆಚ್ಚಾಗಿ ದೀಪ ಆರಿಸಿದ ಮೇಲೆ.